ರೊಟ್ಟಿಗಾಗಿ ಬಂದವರು

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ ಶಿಗ್ಗಾವಿ ದಾಟಿದ ಮೇಲೆ ಬಂಕಾಪುರ ಸಿಗುತ್ತದೆ. ಊರಿನ ಹಳೆಯ ಕೋಟೆ ಈಗ ನವಿಲುಗಳ ಪಾಲಾಗಿದೆ. ಅಲ್ಲೇ ನಗರೇಶ್ವರ ದೇವಾಲಯವಿದೆ, ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯನಿಂದ ಹೆಸರು ಪಡೆದ ಈ ಊರು ಒಂದು ಕಾಲಕ್ಕೆ ಜೈನ ವಿದ್ಯೆಯ ದೊಡ್ಡ ಕೇಂದ್ರವಾಗಿತ್ತು. ಕ್ರಿ.ಶ. 974ರಲ್ಲಿ ಗಂಗರ ದೊರೆ ಮಾರಸಿಂಹ ಇಲ್ಲಿಗೆ ಬಂದ. ಯುದ್ಧದ ಮೇಲೆ ಯುದ್ಧ ಗೆದ್ದವನು, ರಾಜ್ಯವನ್ನು ಬಿಟ್ಟು ಬಂದಿದ್ದ. ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ ಎಂದು ಶ್ರವಣಬೆಳಗೊಳದ ಚಂದ್ರಗಿರಿಯ ಕಂಬದ ಶಾಸನ ಹೇಳುತ್ತದೆ.

ಬಂಕಾಪುರದ ಹತ್ತಿರವೇ ಬಾಡ ಎಂಬ ಊರು. ಕನಕದಾಸರು ಹುಟ್ಟಿದ್ದು ಅಲ್ಲಿ. ತಿಮ್ಮಪ್ಪನಾಯಕನಾಗಿದ್ದಾಗ ಅವರಿಗೆ ಹೊನ್ನಿನ ನಿಧಿ ಸಿಕ್ಕಿತು, ಅದರಿಂದಲೇ ಕನಕ ಎಂಬ ಹೆಸರು ಬಂತು, ಸಿಕ್ಕ ಹೊನ್ನನ್ನು ಅವರು ಕಾಗಿನೆಲೆಯ ಆದಿಕೇಶವನಿಗೆ ಮತ್ತು ಜನರಿಗೆ ಒಪ್ಪಿಸಿದರು ಎಂಬ ಐತಿಹ್ಯ ಈ ಸೀಮೆಯ ಮಕ್ಕಳಿಗೂ ಗೊತ್ತು. ಅಂತೂ ಈ ನೆಲದ ನೆನಪಿನಲ್ಲಿ ದೊಡ್ಡವರೆನಿಸಿಕೊಂಡವರು ದೇವರ ಹತ್ತಿರ ಬಂದು ಏನನ್ನಾದರೂ ಬಿಟ್ಟವರು. ಪಡೆದುಕೊಂಡು ಹೋದವರ ಹೆಸರನ್ನು ಜನ ಅಷ್ಟಾಗಿ ಇಟ್ಟುಕೊಂಡಿಲ್ಲ.

ನಾನು ಕ್ರೈಸ್ತ. ಇದೇ ಸೀಮೆಯಲ್ಲಿ, ಬಾಸೆಲ್ ಮಿಶನ್ ಪರಂಪರೆಯ ಒಂದು ಸಣ್ಣ ಸಭೆಯ ಬೆಂಚುಗಳ ಮೇಲೆ ಕುಳಿತು ಬೆಳೆದವನು. ನಮ್ಮ ಮನೆಯೊಳಗಿನ ಒಂದು ಜಗಳದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತು ಮೂವತ್ತು ವರ್ಷಗಳಿಂದ ನಮ್ಮ ಊರುಗಳಲ್ಲಿ ಒಂದು ಬಗೆಯ ಬೋಧನೆ ಹರಡಿದೆ. ‘ಆಶೀರ್ವಾದ ಕೂಟ’, ‘ಬಿಡುಗಡೆ ಕೂಟ’ ಎಂಬ ಹೆಸರುಗಳಲ್ಲಿ ಅದು ನಡೆಯುತ್ತದೆ. ಸಾಲ ತೀರುತ್ತದೆ, ಮನೆ ಕಟ್ಟುತ್ತೀರಿ, ವೀಸಾ ಸಿಗುತ್ತದೆ, ರೋಗ ಹೋಗುತ್ತದೆ ಎಂದು ಅದು ಹೇಳುತ್ತದೆ. ಇವೆಲ್ಲ ಆಗಬೇಕಾದರೆ ಮೊದಲು ನೀವು ‘ಬೀಜ’ ಬಿತ್ತಬೇಕು. ಬೀಜವೆಂದರೆ ಕಾಣಿಕೆಯ ಹಣ.

ನನ್ನ ಚಿಕ್ಕವ್ವ ಅಂಥ ಬೀಜ ಬಿತ್ತಿದವಳು. ಚಿಕ್ಕಪ್ಪನಿಗೆ ಎರಡೂ ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಓಡಾಡುತ್ತಿದ್ದ ಕಾಲ. ಯಾರೋ ಕರೆದರೆಂದು ಒಂದು ಕೂಟಕ್ಕೆ ಹೋದಳು. ನಿನಗೆ ಅತಿ ಪ್ರಿಯವಾದದ್ದನ್ನು ಕೊಟ್ಟರೆ ದೇವರು ನಿನಗೆ ಅತಿ ಪ್ರಿಯನಾದವನನ್ನು ಉಳಿಸುತ್ತಾನೆ ಎಂದು ಅಲ್ಲಿಯ ಬೋಧಕ ಹೇಳಿದನಂತೆ. ಅವಳು ತನ್ನ ಮದುವೆಯ ಬೆಂಡೋಲೆ ಬಿಚ್ಚಿ ಕೊಟ್ಟು ಬಂದಳು. ನಾಲ್ಕು ತಿಂಗಳಿಗೆ ಚಿಕ್ಕಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ನಾನು ಆ ಬೋಧಕನನ್ನು ಬೈಯಲು ಬಾಯಿ ತೆರೆದೆ. ಅವಳು ತಡೆದಳು. “ಅವರಿಗ್ಯಾಕ ಬೈತಿ ತಮ್ಮಾ, ನನ್ನ ವಿಶ್ವಾಸನ ಕಮ್ಮಿ ಬಿತ್ತು” ಎಂದಳು.

ಬೆಂಡೋಲೆ ಹೋದ ಸಂಕಟ ನನಗೆ ಆಮೇಲೆ ಮರೆಯಿತು. ಆ ಮಾತು ಮರೆಯಲಿಲ್ಲ. ಗಂಡನನ್ನು ಕಳೆದುಕೊಂಡವಳು ಗಂಡನ ಸಾವಿನ ಹೊಣೆಯನ್ನೂ ತಲೆಯ ಮೇಲೆ ಹೊತ್ತುಕೊಂಡಿದ್ದಳು. ಇಂಥ ಬೋಧನೆ ನಮ್ಮ ಸಭೆಗಳಿಗೆ ಎಲ್ಲಿಂದ ಬಂತು, ನಮ್ಮ ಹಿರಿಯರು ಇದನ್ನು ಕೇಳಿದ್ದರೆ ಏನನ್ನುತ್ತಿದ್ದರು ಎಂದು ಹುಡುಕುತ್ತ ಹೋದಾಗ ನನಗೆ ಕಂಡದ್ದನ್ನು ಮುಂದೆ ಹೇಳುತ್ತೇನೆ.

ಮೊದಲು ಬೋಧನೆಯ ಮೂಲ. ಇದು ಹಳೆಯ ಕ್ರೈಸ್ತ ಸಭೆಯ ಸೊತ್ತಲ್ಲ, ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ರೂಪುಗೊಂಡದ್ದು. ಇ. ಡಬ್ಲ್ಯೂ. ಕೆನ್ಯನ್ (1867–1948) ಎಂಬ ಬೋಧಕ, ವಿಶ್ವಾಸಿಯು ಬಾಯಿಂದ ಅರಿಕೆ ಮಾಡಿದ್ದು ಅವನದಾಗುತ್ತದೆ ಎಂಬ ವಿಚಾರವನ್ನು ಬೆಳೆಸಿದ. ಮನಸ್ಸಿನ ಶಕ್ತಿಯಿಂದಲೇ ಆರೋಗ್ಯ, ಐಶ್ವರ್ಯ ಬರುತ್ತವೆ ಎನ್ನುವ ಪಂಥಗಳು ಆಗ ಅಮೆರಿಕದಲ್ಲಿ ಜೋರಾಗಿದ್ದವು, ಅವುಗಳ ಗಾಳಿ ಕೆನ್ಯನ್‌ಗೆ ತಗುಲಿತ್ತು ಎಂದು ಡಿ. ಆರ್. ಮೆಕ್‌ಕಾನೆಲ್ 1988ರಲ್ಲಿ ಒಂದು ಪುಸ್ತಕವನ್ನೇ ಬರೆದು ವಾದಿಸಿದರು. ಕೆನ್ಯನ್‌ನ ವಿಚಾರಗಳನ್ನು ಓಕ್ಲಹೋಮಾದ ಕೆನೆತ್ ಹೇಗಿನ್ (1917–2003) ಊರೂರಿಗೆ ಮುಟ್ಟಿಸಿದ. ಅದೇ ಓಕ್ಲಹೋಮಾದ ಓರಲ್ ರಾಬರ್ಟ್ಸ್, ದೇವರಿಗೆ ಕೊಡುವ ಹಣ ಬೀಜವಿದ್ದಂತೆ, ಅದು ಹಲವು ಪಟ್ಟಾಗಿ ತಿರುಗಿ ಬರುತ್ತದೆ ಎಂಬ ಮಾತನ್ನು ರೇಡಿಯೋ ಟೀವಿಗಳಲ್ಲಿ ಮನೆಮಾತು ಮಾಡಿದ. ಉಪಗ್ರಹ ಚಾನೆಲ್‌ಗಳು ಬಂದ ಮೇಲೆ ಅದು ಆಫ್ರಿಕಕ್ಕೆ, ಬ್ರೆಜಿಲ್‌ಗೆ, ಕೊರಿಯಾಕ್ಕೆ ಹೋದಂತೆ ಭಾರತಕ್ಕೂ ಬಂತು. ಕನ್ನಡದಲ್ಲಿ ಅದಕ್ಕೆ ಹೊಸ ಪದಗಳೇನೂ ಬೇಕಾಗಲಿಲ್ಲ. ಆಶೀರ್ವಾದ, ದಶಮಾಂಶ, ಅರಿಕೆ, ನೂರರಷ್ಟು, ಎಲ್ಲವೂ ನಮ್ಮ ಹಳೆಯ ಬೈಬಲಿನ ಪದಗಳೇ. ಅರ್ಥ ಮಾತ್ರ ಬೇರೆಯಾಯಿತು.

ಆಧಾರವೆಂದು ಅವರು ತೋರಿಸುವ ವಚನಗಳು ಕೆಲವೇ. ದಶಮಾಂಶ ತಂದರೆ ಆಕಾಶದ ಬಾಗಿಲು ತೆರೆಯುವ ಮಲಾಕಿಯನ ಮಾತು ಒಂದು. ಮನೆ ಹೊಲ ಬಿಟ್ಟವನಿಗೆ ನೂರರಷ್ಟು ಸಿಗುವುದೆಂಬ ಮಾರ್ಕನ ಮಾತು ಇನ್ನೊಂದು. ಮಲಾಕಿಯನ ಕಾಲದ ದಶಮಾಂಶವೆಂದರೆ ದೇವಾಲಯದ ಕಣಜಕ್ಕೆ ಬರುತ್ತಿದ್ದ ಧಾನ್ಯ. ಹೊಲವಿಲ್ಲದ ಲೇವಿಯರು, ಪರದೇಶಿಗಳು, ತಬ್ಬಲಿಗಳು, ವಿಧವೆಯರು ಉಣ್ಣಲೆಂದು ಮೋಶೆಯ ಧರ್ಮಶಾಸ್ತ್ರ ಇಟ್ಟ ವ್ಯವಸ್ಥೆ ಅದು. ವಿಧವೆಗೆ ಕೊಡಲೆಂದು ಇದ್ದದ್ದನ್ನು ಇಂದು ವಿಧವೆಯಿಂದಲೇ ಕೇಳಲಾಗುತ್ತಿದೆ. ಮಾರ್ಕನ ವಚನದಲ್ಲಿ ‘ನೂರರಷ್ಟು’ ಎಂಬುದರ ಜೊತೆಗೇ ‘ಹಿಂಸೆ’ ಎಂಬ ಪದವೂ ಇದೆ. ಆ ಪದವನ್ನು ವೇದಿಕೆಯ ಮೇಲೆ ಯಾರೂ ಓದುವುದಿಲ್ಲ.

ಮೂರನೆಯದು ಯೋಹಾನನ ಮೂರನೇ ಪತ್ರದ ಎರಡನೇ ವಚನ. ಗಾಯನೆಂಬ ಗೆಳೆಯನಿಗೆ ಬರೆಯುತ್ತ, ನಿನ್ನ ಆತ್ಮದಂತೆ ನೀನು ಎಲ್ಲದರಲ್ಲೂ ಚೆನ್ನಾಗಿರು, ಆರೋಗ್ಯವಾಗಿರು ಎಂದು ಅವನು ಹಾರೈಸುತ್ತಾನೆ. ಸಮೃದ್ಧಿ ಬೋಧಕರು ಇದನ್ನು ಎಲ್ಲ ವಿಶ್ವಾಸಿಗಳಿಗೆ ದೇವರು ಬರೆದುಕೊಟ್ಟ ಕರಾರುಪತ್ರವೆಂದು ಓದುತ್ತಾರೆ. ಗಾರ್ಡನ್ ಫೀ ಎಂಬ ಬೈಬಲ್ ಪಂಡಿತರು ಇದಕ್ಕೆ ದಶಕಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅದು ಆ ಕಾಲದ ಪತ್ರಗಳ ಆರಂಭದಲ್ಲಿ ಎಲ್ಲರೂ ಬರೆಯುತ್ತಿದ್ದ ವಾಡಿಕೆಯ ಹಾರೈಕೆ, ಅಷ್ಟೆ. ಕನ್ನಡದವರಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಅಜ್ಜಂದಿರ ಕಾಗದಗಳೆಲ್ಲ ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದೇ ಶುರುವಾಗುತ್ತಿದ್ದವು. ಆ ಸಾಲನ್ನು ಹಿಡಿದು ಯಾರೂ ಆರೋಗ್ಯದ ಖಾತ್ರಿ ಕೇಳಲಿಲ್ಲ. ಹೀಗೆ ಉತ್ತರ ಕೊಟ್ಟ ಫೀ ಸ್ವತಃ ಪೆಂತೆಕೊಸ್ತು ಸಭೆಯವರು. ಅದನ್ನು ನೆನಪಿಡಬೇಕು, ಮುಂದೆ ಆ ವಿಷಯಕ್ಕೆ ಬರುತ್ತೇನೆ.

ಈಗ ನಮ್ಮ ನೆಲದ ಕಥೆ. ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಠಾಣೆಗಳಾದವು. ಬಂಕಾಪುರ ಆಗ ಧಾರವಾಡ ಜಿಲ್ಲೆಗೆ ಸೇರಿದ ಸೀಮೆ. ಹೀಗೆ ಬಂದವರಲ್ಲಿ ಹರ್ಮನ್ ಮೋಗ್ಲಿಂಗ್ ಒಬ್ಬ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವನು, ಮುಂದೆ ದಾಸರ ಪದಗಳನ್ನು ಅಚ್ಚಿಗೆ ತಂದವನು ಎಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವನ ಪರಿಚಯವಿದೆ. ಆ ಕೀರ್ತಿಗಳಿಗೆಲ್ಲ ಮುಂಚೆ, ಉತ್ತರ ಕರ್ನಾಟಕದಲ್ಲಿ ಅವನೂ ಅವನ ಜೊತೆಯವರೂ ಒಂದು ದೊಡ್ಡ ಆಸೆ ಪಟ್ಟು ದೊಡ್ಡ ನಿರಾಸೆ ಉಂಡಿದ್ದರು.

1840ರ ಸುಮಾರಿಗೆ ಧಾರವಾಡ–ಗದಗ ಸೀಮೆಯ ಕಾಲಜ್ಞಾನದ ಅನುಯಾಯಿಗಳು ಮಿಶನರಿಗಳ ಹತ್ತಿರ ಬಂದರು. ಕೆಟ್ಟ ಕಾಲ ಮುಗಿದು ಒಳ್ಳೆಯ ಅರಸು ಬರುತ್ತಾನೆ, ಲೋಕ ನೇರಾಗುತ್ತದೆ ಎಂಬ ನುಡಿಗಳನ್ನು ನಂಬಿ ಕಾಯುತ್ತಿದ್ದ ಜನ ಅವರು. ಪಶ್ಚಿಮದಿಂದ ಬಂದ ಈ ಗುರುಗಳೇ ತಮ್ಮ ನುಡಿಯಲ್ಲಿ ಹೇಳಿದವರಿರಬಹುದು ಎಂದು ಅವರಿಗೆ ಅನಿಸಿತು. ಮಿಶನರಿಗಳಿಗೆ ಹಿಗ್ಗೋ ಹಿಗ್ಗು. ಸಾವಿರಾರು ಜನ ಒಟ್ಟಿಗೆ ಸಭೆಗೆ ಸೇರುತ್ತಾರೆಂದು ಎಣಿಸಿದರು. ಅವರನ್ನು ನೆಲೆಗೊಳಿಸಲೆಂದು 1841ರಲ್ಲಿ ಗದಗ–ಬೆಟಗೇರಿಯ ಹತ್ತಿರದ ಮಲ್ಲಸಮುದ್ರದಲ್ಲಿ ಭೂಮಿ ಹಿಡಿದು ಒಕ್ಕಲುತನದ ವಸಾಹತು ಹೂಡಿದರು.

ಆ ಸಾವಿರಾರು ಜನ ಬರಲೇ ಇಲ್ಲ. ಬಂದವರು ಬೆರಳೆಣಿಕೆಯಷ್ಟು. ಮಿಶನರಿಗಳು ಪಾಪ, ಪಶ್ಚಾತ್ತಾಪ, ಶಿಲುಬೆ ಎಂದು ಮಾತಾಡಿದರು. ಜನ ಭೂಮಿ, ತೆರಿಗೆ, ಸರಕಾರದ ಕಡೆಯ ಆಸರೆ ಎಂದು ಕೇಳಿಸಿಕೊಂಡರು. ಎರಡೂ ಕಡೆಯವರು ಒಂದೇ ಭಾಷೆಯಲ್ಲಿ ಎರಡು ಬೇರೆ ಮಾತುಕತೆ ನಡೆಸಿದ್ದರು. ಈ ಲೋಕದ ಸುಖ ಸಿಗುವ ಲಕ್ಷಣ ಕಾಣದಾಗ ಜನ ತಮ್ಮ ದಾರಿ ಹಿಡಿದರು, ವಸಾಹತು ಕುಸಿಯಿತು. ಬಾಸೆಲ್ ಮಿಶನ್ನಿನ ಚರಿತ್ರೆ ಬರೆದವರೆಲ್ಲ ಮಲ್ಲಸಮುದ್ರವನ್ನು ಸೋಲಿನ ಲೆಕ್ಕದಲ್ಲೇ ಬರೆದಿದ್ದಾರೆ.

ಈ ಪ್ರಸಂಗದಲ್ಲಿ ಜನರನ್ನು ಆಸೆಬುರುಕರೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಹಸಿದವನು ಅನ್ನ ಕೇಳುವುದು ತಪ್ಪಲ್ಲ. ಬಿಳಿಯ ಕಲೆಕ್ಟರನಿಗೂ ಬಿಳಿಯ ಬೋಧಕನಿಗೂ ಸಂಬಂಧವಿದೆ ಎಂದು ಜನ ತಿಳಿದದ್ದೂ ಪೂರಾ ಸುಳ್ಳಲ್ಲ. ಭೂಮಿ ಹಿಡಿದು ವಸಾಹತು ಹೂಡಿದ ಮಿಶನರಿಗಳು ತಾವೇ ಆ ತಪ್ಪು ತಿಳಿವಳಿಕೆಗೆ ಎಡೆ ಮಾಡಿಕೊಟ್ಟಿದ್ದರು. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಜನ ಲಾಭಕ್ಕಾಗಿ ಬರುತ್ತಿದ್ದಾರೆ ಎಂದು ಗೊತ್ತಾದಾಗ ಅವರು ಬೋಧನೆಯನ್ನು ಲಾಭಕ್ಕೆ ತಕ್ಕಂತೆ ತಿದ್ದಿಕೊಳ್ಳಲಿಲ್ಲ. ಹಾಗೆ ತಿದ್ದಿಕೊಂಡಿದ್ದರೆ ಮಲ್ಲಸಮುದ್ರದ ತುಂಬ ಜನವಿರುತ್ತಿದ್ದರು. ಅವರು ಸೋಲನ್ನು ಒಪ್ಪಿಕೊಂಡರು.

ಆ ಕಾಲದಲ್ಲಿ ಕ್ರೈಸ್ತನಾಗುವುದೆಂದರೆ ಸಾಮಾನ್ಯವಾಗಿ ಆಸ್ತಿ ಕಳೆದುಕೊಳ್ಳುವುದು. ಮತಾಂತರಗೊಂಡವನಿಗೆ ಪಿತ್ರಾರ್ಜಿತದಲ್ಲಿ ಪಾಲು ಉಳಿಯಬೇಕಾದರೆ 1850ರಲ್ಲಿ ಪ್ರತ್ಯೇಕ ಕಾಯಿದೆಯೇ ಬರಬೇಕಾಯಿತು. ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು, ಅವನು ಮನೆಯವರ ಪಾಲಿಗೆ ಸತ್ತಂತಾದ. ಹೀಗೆ ಕುಲಕಸುಬು ತಪ್ಪಿ ಬೀದಿಗೆ ಬಿದ್ದವರಿಗೆ ಕೆಲಸ ಕೊಡಲೆಂದೇ ಮಿಶನ್ನು ನೇಯ್ಗೆಯ ಕಾರ್ಖಾನೆ, ಅಚ್ಚುಕೂಟ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ತೆರೆಯಿತು. ಇವು ಟೀಕೆಗೆ ಹೊರತಲ್ಲ. ಸಭೆಯೇ ಧಣಿಯಾದಾಗ ಸದಸ್ಯ ಆಳಾಗುತ್ತಾನೆ. ಕೂಲಿಯೂ ಕಮ್ಯೂನಿಯನ್ನೂ ಒಂದೇ ಕೈಯಿಂದ ಬರುವಾಗ ಎದುರು ಮಾತಾಡುವುದು ಕಷ್ಟ. ಆದರೂ ಒಂದು ವ್ಯತ್ಯಾಸ ನಿಚ್ಚಳವಾಗಿದೆ. ಅಲ್ಲಿ ಸಿಕ್ಕದ್ದು ಮಗ್ಗ ಮತ್ತು ಮಗ್ಗದ ಕೆಲಸ. ನಂಬಿದರೆ ಮಗ್ಗ ತಾನಾಗಿ ನೇಯುತ್ತದೆ ಎಂದು ಯಾರೂ ಹೇಳಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ, 1876ರಿಂದ 1878ರವರೆಗೆ. ಧಾರವಾಡ ಜಿಲ್ಲೆಯ ಜನಸಂಖ್ಯೆ 1872ರ ಗಣತಿಗೂ 1881ರ ಗಣತಿಗೂ ನಡುವೆ ಸುಮಾರು ಒಂದು ಲಕ್ಷ ಕುಗ್ಗಿತು. ದಕ್ಷಿಣ ಭಾರತದ ತುಂಬ ಮಿಶನ್‌ಗಳ ಬಾಗಿಲಿಗೆ ಹಸಿದವರು ಬಂದು ನಿಂತರು. ಇವರು ದೇವರಿಗಾಗಿ ಬಂದರೋ ಗಂಜಿಗಾಗಿ ಬಂದರೋ ಎಂಬ ಪ್ರಶ್ನೆ ಆಗ ಎಲ್ಲೆಡೆ ಎದ್ದಿತು. ‘ಅಕ್ಕಿಯ ಕ್ರೈಸ್ತರು’ ಎಂಬ ಬೈಗುಳ ಹೊರಗಿನವರ ಬಾಯಲ್ಲಿ ಮಾತ್ರ ಇರಲಿಲ್ಲ, ಮಿಶನರಿಗಳ ತಲೆಯಲ್ಲೂ ಇತ್ತು. ತೆಲುಗು ಸೀಮೆಯ ಒಂಗೋಲಿನಲ್ಲಿ ಜಾನ್ ಕ್ಲೌ ಎಂಬ ಬ್ಯಾಪ್ಟಿಸ್ಟ್ ಮಿಶನರಿ ಬರಗಾಲದ ಕಾಮಗಾರಿಯಾಗಿ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಸಾವಿರಾರು ಜನಕ್ಕೆ ಕೂಲಿ ಕೊಟ್ಟ. ಆದರೆ ಆ ಪರಿಹಾರದ ಕೆಲಸ ನಡೆಯುತ್ತಿದ್ದಷ್ಟು ಕಾಲ ದೀಕ್ಷಾಸ್ನಾನ ಕೇಳಿ ಬಂದವರಿಗೆ ಕೊಡಲಿಲ್ಲ. ಕೂಲಿ ಮುಗಿದ ಮೇಲೆ ಬಂದರು ನೋಡಿ, 1878ರ ಜುಲೈ 3ರಂದು ಒಂದೇ ದಿನ 2,222 ಜನ.

ಆ ಸಂಖ್ಯೆಯ ಬಗ್ಗೆ ಬೆರಗಿಗಿಂತ ಕ್ಲೌ ತಡೆದು ನಿಂತ ತಿಂಗಳುಗಳ ಬಗ್ಗೆ ನನಗೆ ಹೆಚ್ಚು ಗೌರವ. ಅನ್ನ ಕೊಡುವುದನ್ನು ಅವನು ತಡೆಯಲಿಲ್ಲ, ಅದು ಹಸಿದವನ ಹಕ್ಕು. ಅನ್ನಕ್ಕೂ ದೀಕ್ಷೆಗೂ ಗಂಟು ಬೀಳದಂತೆ ಮಾತ್ರ ನೋಡಿಕೊಂಡ. ಇಂದಿನ ಆಶೀರ್ವಾದ ಕೂಟದಲ್ಲಿ ಅದೇ ಗಂಟನ್ನು ಬಿಗಿಯಾಗಿ ಹಾಕುತ್ತಾರೆ. ಅದೂ ತಲೆಕೆಳಗಾಗಿ. ಅಂದು ಸಭೆ ಹಸಿದವನಿಗೆ ಗಂಜಿ ಕೊಟ್ಟು, ಇವನು ಗಂಜಿಗಾಗಿ ಬಂದನೇ ಎಂದು ಅಂಜುತ್ತಿತ್ತು. ಇಂದು ಹಸಿದವನಿಂದಲೇ ಗಂಜಿ ಇಸಿದುಕೊಂಡು, ನಾಳೆ ಹೋಳಿಗೆ ಸಿಗುತ್ತದೆ ಎಂದು ಹೇಳಲಾಗುತ್ತದೆ.

ಇಲ್ಲಿ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಅವರು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು. 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ರಮಾಬಾಯಿ ತಮ್ಮ ಮನೆತನದ ಕೊನೆಯ ದಿನಗಳನ್ನು ಹೇಳಿದ್ದಾರೆ. ಕೈಯಲ್ಲಿದ್ದುದನ್ನೆಲ್ಲ ಶಾಸ್ತ್ರ ಹೇಳಿದಂತೆ ದಾನ, ವ್ರತ, ಯಾತ್ರೆಗಳಿಗೆ ಕೊಟ್ಟರು. ಕೊಟ್ಟದ್ದಕ್ಕೆ ಪ್ರತಿಯಾಗಿ ದೇವರು ಐಶ್ವರ್ಯ ಕೊಡುತ್ತಾನೆಂದು ಕಾದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿನಿಂದ ಸೊರಗಿ ತೀರಿಕೊಂಡರು. ಇದನ್ನು ಹಿಂದೂ ಧರ್ಮದ ಮೇಲಿನ ಆರೋಪವೆಂದು ಓದಿ ಚಪ್ಪಾಳೆ ತಟ್ಟಿದ ಕ್ರೈಸ್ತರು ಬಹಳ. ನನಗೆ ಈಗ ಅದು ನಮ್ಮದೇ ಕಥೆಯಂತೆ ಕಾಣುತ್ತದೆ. ಕೊಟ್ಟರೆ ದೇವರು ಋಣಿಯಾಗುತ್ತಾನೆ ಎಂಬ ನಂಬಿಕೆಗೆ ಧರ್ಮದ ಗಡಿಯಿಲ್ಲ. ಅನಂತಶಾಸ್ತ್ರಿಗಳ ದಾನಕ್ಕೂ ನನ್ನ ಚಿಕ್ಕವ್ವನ ಬೆಂಡೋಲೆಗೂ ಏನು ಅಂತರ?

ರಮಾಬಾಯಿ 1883ರಲ್ಲಿ ಕ್ರೈಸ್ತರಾದರು. ಅವರು ಹಳೆಯ ವ್ಯಾಪಾರವನ್ನೇ ಹೊಸ ದೇವರ ಜೊತೆ ಮುಂದುವರಿಸಲಿಲ್ಲ. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ‘ಮುಕ್ತಿ’ಯನ್ನು ಕಟ್ಟಿ ಬರಗಾಲದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ತಂದು ಸಾಕಿದರು. ಹೊಲ, ಮಗ್ಗ, ಅಚ್ಚುಮೊಳೆ, ಎಲ್ಲವನ್ನೂ ಆ ಮಕ್ಕಳಿಗೆ ಕಲಿಸಿದರು. 1905ರಲ್ಲಿ ಅಲ್ಲಿ ಒಂದು ದೊಡ್ಡ ಉಜ್ಜೀವನವಾಯಿತು. ಹುಡುಗಿಯರು ಅತ್ತು, ಪ್ರಾರ್ಥಿಸಿ, ಪವಿತ್ರಾತ್ಮನ ಆವೇಶವನ್ನು ಅನುಭವಿಸಿದರೆಂದು ವರದಿಯಾಯಿತು. ಅಮೆರಿಕದ ಅಜೂಸಾ ಬೀದಿಯ ಪ್ರಸಿದ್ಧ ಉಜ್ಜೀವನ ಶುರುವಾದದ್ದು 1906ರಲ್ಲಿ. ಪೆಂತೆಕೊಸ್ತು ಚಳವಳಿಯ ಮೊದಲ ಬೇರುಗಳನ್ನು ಹುಡುಕುವ ವಿದ್ವಾಂಸರು ಇಂದು ಮುಕ್ತಿಯ ಹೆಸರನ್ನೂ ಹೇಳುತ್ತಾರೆ.

ಆದ್ದರಿಂದ ಸಮೃದ್ಧಿ ಬೋಧನೆ ಎಂದೊಡನೆ ಪೆಂತೆಕೊಸ್ತು ಸಭೆಗಳ ಕಡೆ ಬೆರಳು ತೋರುವ ನಮ್ಮ ಹಳೆಯ ಸಭೆಗಳವರ ಅಭ್ಯಾಸ ಸರಿಯಲ್ಲ. ಆ ಪ್ರಾರ್ಥನೆಯ ಒಂದು ಮೊಳಕೆ ಒಡೆದದ್ದು ಬರದಿಂದ ಬದುಕುಳಿದು ಬಂದ, ಕಾಸಿಲ್ಲದ ಹುಡುಗಿಯರ ನಡುವೆ. ಇಂದಿಗೂ ಎಷ್ಟೋ ಹಳ್ಳಿಗಳಲ್ಲಿ ಸೈಕಲ್ಲಿನ ಮೇಲೆ ಹೋಗಿ ರೋಗಿಯ ಪಕ್ಕ ಕುಳಿತು ಪ್ರಾರ್ಥಿಸಿ ಒಂದು ಲೋಟ ಚಹಾ ಮಾತ್ರ ಕುಡಿದು ಬರುವ ಪೆಂತೆಕೊಸ್ತು ಪಾಸ್ಟರರಿದ್ದಾರೆ. ಸಮೃದ್ಧಿ ಬೋಧನೆ ಅದಕ್ಕೆ ಆಮೇಲೆ ಹಾಕಿದ ಕಸಿ. ಅದರ ವಿರುದ್ಧ ಮೊದಲು ದನಿ ಎತ್ತಿದವರಲ್ಲಿ ಫೀ ಅವರಂಥ ಪೆಂತೆಕೊಸ್ತಿನವರೇ ಇದ್ದರು. ಲೊಸಾನ್ ಚಳವಳಿಯ ದೈವಶಾಸ್ತ್ರಜ್ಞರು ಈ ಬೋಧನೆಯನ್ನು ಖಂಡಿಸಿ ಹೇಳಿಕೆ ಸಿದ್ಧಪಡಿಸಿದ್ದು ಘಾನಾದಲ್ಲಿ, 2008 ಮತ್ತು 2009ರಲ್ಲಿ ಸೇರಿದ್ದ ಸಭೆಗಳಿಂದ. ಬಡ ದೇಶಗಳ ಕ್ರೈಸ್ತರೇ ಎದುರು ನಿಂತು ಹೇಳಿದ ಮಾತು ಅದು.

ಜನ ಏಕೆ ಹೋಗುತ್ತಾರೆ? ಈ ಪ್ರಶ್ನೆಯನ್ನು ಟೀಕಾಕಾರರು ಹಗುರಾಗಿ ದಾಟಿಬಿಡುತ್ತಾರೆ. ಹಾವೇರಿ ಜಿಲ್ಲೆಯ ರೈತ ಮಳೆ ನಂಬಿ ಬಿತ್ತುವವನು. ಮೆಣಸಿನಕಾಯಿ ಬೆಳೆದರೆ ಬ್ಯಾಡಗಿ ಪೇಟೆಯಲ್ಲಿ ಅವತ್ತಿನ ರೇಟು ಏನಿದೆಯೋ ಅದೇ ಅವನ ವರ್ಷದ ಹಣೆಬರಹ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಂಥ ಊರುಗಳಲ್ಲಿ ಮನೆಯ ಒಬ್ಬರಿಗೆ ದೊಡ್ಡ ರೋಗ ಬಂದರೆ ಹೊಲ ಮಾರಬೇಕು. ಆಗ ಒಬ್ಬ ಮನುಷ್ಯ ಹೆಸರು ಹಿಡಿದು ಕರೆದು, ತಲೆ ಮೇಲೆ ಕೈಯಿಟ್ಟು, ನಿನಗೆ ಒಳ್ಳೆಯದಾಗುತ್ತದೆ ಎಂದರೆ ಯಾರಿಗೆ ಬೇಡ? ನಮ್ಮ ಹಳೆಯ ಸಭೆಗಳಲ್ಲಿ ಅದನ್ನು ಮಾಡುವವರು ಕಡಿಮೆಯಾದರು. ಆಸ್ತಿಯ ವ್ಯಾಜ್ಯ, ಕಮಿಟಿಯ ಚುನಾವಣೆ, ಭಾನುವಾರ ಒಂದೂವರೆ ತಾಸಿನ ಆರಾಧನೆ ಮುಗಿದ ಮೇಲೆ ಬಾಗಿಲಿಗೆ ಬೀಗ. ಚಿಕ್ಕಪ್ಪ ಮಲಗಿದ್ದ ಎಂಟು ತಿಂಗಳಲ್ಲಿ ನಮ್ಮ ಸಭೆಯ ಹಿರಿಯರು ಮನೆಗೆ ಬಂದದ್ದು ಎರಡು ಸಲ. ನಾನೂ ಬಹಳ ಸಲ ಹೋಗಲಿಲ್ಲ. ಚಿಕ್ಕವ್ವ ಆ ಕೂಟಕ್ಕೆ ಹೋದದ್ದರಲ್ಲಿ ನಮ್ಮ ಪಾಲೂ ಇದೆ.

ಇಷ್ಟನ್ನು ಒಪ್ಪಿಕೊಂಡ ಮೇಲೆಯೂ ಆ ಬೋಧನೆ ಸುಳ್ಳೆಂದು ಹೇಳಲೇಬೇಕು. ರೈತನ ಮುಂದೆ ‘ಬೀಜ’ ಎಂಬ ಮಾತು ಆಡುವವರಿಗೆ ಬೀಜದ ಗುಣವೇ ಗೊತ್ತಿಲ್ಲ. ಒಳ್ಳೆಯ ಬೀಜವನ್ನು ಒಳ್ಳೆಯ ಹದದಲ್ಲಿ ಬಿತ್ತಿದರೂ ಮಳೆ ಕೈಕೊಟ್ಟರೆ ಬೆಳೆ ಹೋಗುತ್ತದೆ. ಆಗ ಊರಿನವರು ಬಂದು, ನಿನ್ನ ಕೂರಿಗೆ ಹಿಡಿದ ಕೈಯಲ್ಲೇ ದೋಷವಿದೆ ಎನ್ನುವುದಿಲ್ಲ. ಮುಂದಿನ ಮುಂಗಾರಿಗೆ ಬೀಜ ಕಡ ಕೊಡುತ್ತಾರೆ. ಸಮೃದ್ಧಿ ಬೋಧನೆಯಲ್ಲಿ ಬರಕ್ಕೆ ಜಾಗವೇ ಇಲ್ಲ. ಫಲ ಬಂದರೆ ಬೋಧಕನ ಅಭಿಷೇಕದ ಶಕ್ತಿ, ಬರದಿದ್ದರೆ ಕೊಟ್ಟವಳ ವಿಶ್ವಾಸದ ಕೊರತೆ. ಈ ಲೆಕ್ಕದಲ್ಲಿ ಬೋಧಕನಿಗೆ ಎಂದೂ ನಷ್ಟವಿಲ್ಲ. ಯೋಬನ ಗೆಳೆಯರು ಹೀಗೆಯೇ ಮಾತಾಡಿದ್ದರು. ನಿನಗೆ ಕಷ್ಟ ಬಂದಿದೆ, ಆದ್ದರಿಂದ ನಿನ್ನಲ್ಲಿ ತಪ್ಪಿದೆ ಎಂದರು. ಆ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ.

ಸಭೆ ಹೀಗೆ ಹಾದಿ ತಪ್ಪಿದ್ದು ಇದೇ ಮೊದಲಲ್ಲ. 1517ರಲ್ಲಿ ಜರ್ಮನಿಯಲ್ಲಿ ಪಾಪಪರಿಹಾರದ ಚೀಟಿಗಳನ್ನು ಹಣಕ್ಕೆ ಕೊಡುತ್ತಿದ್ದಾಗ ಮಾರ್ಟಿನ್ ಲೂಥರ್ ಬರೆದ ತೊಂಬತ್ತೈದು ವಾದಗಳು ಸಭೆಯನ್ನೇ ಅಲುಗಿಸಿದವು. ಬಾಸೆಲ್ ಮಿಶನ್ನಿನವರು ಆ ವಂಶದವರು, ನಾವು ಅವರ ಮಕ್ಕಳು. ಅಂದು ಸತ್ತವರ ಬಿಡುಗಡೆ ಮಾರಾಟಕ್ಕಿತ್ತು, ಇಂದು ಬದುಕಿರುವವರ ಬಿಡುಗಡೆ. ಪ್ರತಿ ಅಕ್ಟೋಬರ್‌ನಲ್ಲಿ ಲೂಥರನ ಹೆಸರು ಹೇಳಿ ಕೀರ್ತನೆ ಹಾಡುವ ಸಭೆಗಳು ಇದರ ಬಗ್ಗೆ ಬಾಯಿ ಮುಚ್ಚಿ ಕೂರುವುದು ನನಗೆ ಅರ್ಥವಾಗುವುದಿಲ್ಲ.

ಯೇಸು ಐದು ಸಾವಿರ ಜನಕ್ಕೆ ರೊಟ್ಟಿ ಕೊಟ್ಟ ಮರುದಿನ ಜನ ಅವನನ್ನು ಹುಡುಕಿಕೊಂಡು ಕೆರೆಯಾಚೆ ಬಂದರು. ನೀವು ರೊಟ್ಟಿ ತಿಂದು ತೃಪ್ತರಾದದ್ದರಿಂದ ಬಂದಿದ್ದೀರಿ ಎಂದು ಅವನು ಮುಖಕ್ಕೆ ಹೇಳಿದ ಎಂದು ಯೋಹಾನ ಬರೆಯುತ್ತಾನೆ. ಆ ಅಧ್ಯಾಯದ ಕೊನೆಗೆ ಬಹಳ ಜನ ಅವನನ್ನು ಬಿಟ್ಟು ಹೋಗುತ್ತಾರೆ. ಅವನು ತಡೆಯುವುದಿಲ್ಲ, ಮತ್ತೆ ರೊಟ್ಟಿ ತೋರಿಸಿ ಕರೆಯುವುದೂ ಇಲ್ಲ. ಹಸಿದವರಿಗೆ ರೊಟ್ಟಿ ಕೊಟ್ಟವನು, ರೊಟ್ಟಿಯನ್ನು ಗಾಳಕ್ಕೆ ಸಿಕ್ಕಿಸದವನು. ಮಲ್ಲಸಮುದ್ರದಲ್ಲಿ ಸೋತವರು ಎಷ್ಟೇ ತಪ್ಪು ಮಾಡಿರಲಿ, ಆ ಅಧ್ಯಾಯವನ್ನು ಅವರು ಕೊನೆಯವರೆಗೂ ಓದಿದ್ದರು.

ನಮ್ಮ ಸಭೆಯಲ್ಲಿ ಇನ್ನೂ ಬೆಳೆಹಬ್ಬ ಉಳಿದಿದೆ. ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಜನ ತಮ್ಮ ತಮ್ಮ ಫಲ ತರುತ್ತಾರೆ. ಒಂದು ಸೇರು ಜೋಳ, ಕುಂಬಳಕಾಯಿ, ಮೆಣಸಿನಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ. ಆರಾಧನೆ ಆದ ಮೇಲೆ ಅಂಗಳದಲ್ಲಿ ಲಿಲಾವು ನಡೆಯುತ್ತದೆ. ಹತ್ತು ರೂಪಾಯಿಯ ಕುಂಬಳಕಾಯಿ ನಗೆಯ ನಡುವೆ ಮುನ್ನೂರಕ್ಕೆ ಹೋಗುತ್ತದೆ. ಅದು ಬಂದದ್ದರಲ್ಲಿ ಕೊಡುವ ಕಾಣಿಕೆ. ಮುಂದೆ ಬರಲಿ ಎಂದು ಹೂಡುವ ಬಂಡವಾಳವಲ್ಲ. ಬೆಳೆ ಬಾರದ ವರ್ಷ ಬರಿಗೈಯಲ್ಲಿ ಬಂದವರನ್ನು ಅಲ್ಲಿ ಯಾರೂ ಏಕೆಂದು ಕೇಳುವುದಿಲ್ಲ, ಊಟಕ್ಕೆ ಎಲ್ಲರ ಜೊತೆ ಕೂರಿಸುತ್ತಾರೆ.

ಕಳೆದ ಬೆಳೆಹಬ್ಬಕ್ಕೆ ಚಿಕ್ಕವ್ವನನ್ನು ನಾನೇ ಕರೆದುಕೊಂಡು ಹೋದೆ. ಬೋಳು ಕಿವಿಯವಳು ಸೆರಗು ಮುಂದೆಳೆದುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಳು. ಅವಳ ವಿಶ್ವಾಸ ಕಡಿಮೆ ಇರಲಿಲ್ಲವೆಂದು ನಾನು ಎಷ್ಟು ಹೇಳಿದರೂ ಅವಳು ಇನ್ನೂ ಪೂರಾ ಒಪ್ಪಿಲ್ಲ. ಹೇಳುತ್ತಲೇ ಇದ್ದೇನೆ.